ಅಂಗೈ ಮೇಲೆ ಕೂರುವ ಪಾಠ

ಆಕ್ಯುಪೇಷನಲ್ ಥೆರಪಿ ಎಂದರೇನು ಎಂದು ಕೇಳಿದರೆ ಓದಿದವರೂ ಇಂದಿಗೂ ತಲೆ ಕೆರೆದುಕೊಳ್ಳುತ್ತಾರೆ. ಪಾರ್ಶ್ವವಾಯು ಬಡಿದ ಕೈಗೆ ಮತ್ತೆ ಚಮಚ ಹಿಡಿಯುವುದನ್ನು, ಬಿದ್ದು ಸೊಂಟ ಮುರಿದುಕೊಂಡವರಿಗೆ ತಾವೇ ಎದ್ದು ಬಚ್ಚಲಿಗೆ ಹೋಗುವುದನ್ನು, ಒಟ್ಟಿನಲ್ಲಿ ದಿನನಿತ್ಯದ ಬದುಕನ್ನು ಹೊಸದಾಗಿ ಕಲಿಸುವ ಈ ಚಿಕಿತ್ಸೆಯಲ್ಲಿ ಯೋಜನೆ ಹಾಕಿಕೊಡುವವರು ಥೆರಪಿಸ್ಟರಾದರೆ, ದಿನವೂ ರೋಗಿಯ ಪಕ್ಕದಲ್ಲಿದ್ದು ಅದನ್ನು ಮಾಡಿಸುವವರು ಸಹಾಯಕರು. ಅಂಥ ಸಹಾಯಕರನ್ನು ಆರಿಸಿ, ತಿದ್ದಿ, ತೀಡಿ ಆಸ್ಪತ್ರೆಗಳಿಗೆ ಕಳಿಸುವ ತರಬೇತಿಗೆ ನಮ್ಮ ಸಂಸ್ಥೆಯಲ್ಲಿ ಮೂರು ದಶಕಗಳ ಕಾಲ ಬೆನ್ನೆಲುಬಾಗಿ ನಿಂತು ಈಗ ನಿವೃತ್ತರಾಗುತ್ತಿರುವವರು ನಮ್ಮೆಲ್ಲರ ಗುಂಡಿ ಮೇಡಂ. ಈ ಅಭಿನಂದನ ಪುಸ್ತಕದಲ್ಲಿ ಅವರನ್ನು ಕುರಿತು ಬರೆಯುವ ಧೈರ್ಯ ಅಷ್ಟೂ ವರ್ಷ ಪಕ್ಕದ ಮೇಜಿನಲ್ಲಿ ಕುಳಿತು ಬೈಸಿಕೊಂಡವರಿಗಲ್ಲದೆ ಇನ್ಯಾರಿಗೆ ಬಂದೀತು?

ಅವರು ಕೆಲಸಕ್ಕೆ ಸೇರಿದಾಗ ತರಬೇತಿ ಕೇಂದ್ರವೆಂದರೆ ಒಂದೇ ಒಂದು ಕೋಣೆ. ಕೋಣೆಯಲ್ಲಿ ಕಾಲು ಮುರಿದ ಮಂಚ, ಮಂಚದ ಪಕ್ಕದಲ್ಲಿ ದವಡೆ ಕಳೆದುಕೊಂಡ ಅಸ್ಥಿಪಂಜರ. ಮೊದಲ ವರ್ಷವೇ ಅವರು ಗೋಡೆ ಒಡೆಸಿ ಪಕ್ಕದ ಉಗ್ರಾಣವನ್ನು ಸೇರಿಸಿಕೊಂಡು, ಅಲ್ಲಿ ನಿಜವಾದ ಒಲೆಯಿರುವ ಅಡುಗೆಮನೆ, ನಿಜವಾಗಿ ನೀರು ಬರುವ ಬಚ್ಚಲು, ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲುಗಳನ್ನು ಕಟ್ಟಿಸಿದರು. ಕಾಲೇಜಿನೊಳಗೆ ಒಲೆ ಏತಕ್ಕೆಂದು ಮೂಗು ಮುರಿದ ಆಡಳಿತ ಮಂಡಳಿಯವರನ್ನು ಕರೆದು, ಪ್ರತಿಯೊಬ್ಬರ ಬಲಗೈಯನ್ನೂ ಬೆಲ್ಟಿನಿಂದ ಸೊಂಟಕ್ಕೆ ಬಿಗಿದು, ನಿಮ್ಮ ನಿಮ್ಮ ಕಾಫಿ ನೀವೇ ಮಾಡಿಕೊಳ್ಳಿ ಎಂದರಂತೆ. ನೆಲವೆಲ್ಲ ಹಾಲಾದ ಮೇಲೆ ಆ ಮಹನೀಯರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು.

ಪ್ರವೇಶದ ನಿಯಮಗಳೇನೋ ಎಲ್ಲ ಕಡೆಯಂತೆಯೇ ಇದ್ದವು. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದಿ ಪಾಸಾಗಿರಬೇಕು, ವೈದ್ಯರಿಂದ ದೇಹದಾರ್ಢ್ಯದ ಪ್ರಮಾಣಪತ್ರ ತರಬೇಕು, ಚುಚ್ಚುಮದ್ದು ಹಾಕಿಸಿಕೊಂಡಿರಬೇಕು, ಅರ್ಜಿ ಹಾಕುವ ಮೊದಲೇ ಕೆಲವು ದಿನ ವಾರ್ಡಿನಲ್ಲಿ ನಿಂತು ಕೆಲಸ ನೋಡಿರಬೇಕು; ಎರಡು ವರ್ಷದ ಓದಿನ ಕೊನೆಯಲ್ಲಿ ರೋಗಿಗಳ ನಡುವೆ ಕ್ಷೇತ್ರ ತರಬೇತಿ, ಅದರ ಮೇಲೆ ಪರೀಕ್ಷೆ. ಮೇಡಂ ಇದಕ್ಕೆ ತಮ್ಮದೊಂದು ಬಾಲ ಅಂಟಿಸಿದರು. ಸಂದರ್ಶನದ ದಿನ ಅಭ್ಯರ್ಥಿಯ ಚೆನ್ನಾಗಿರುವ ಕೈಯನ್ನು, ಅಂದರೆ ಹೆಚ್ಚು ಪಳಗಿದ ಕೈಯನ್ನು, ಸೊಂಟಕ್ಕೆ ಕಟ್ಟಿ, ಇನ್ನೊಂದು ಕೈಯಲ್ಲಿ ಬಿಳಿ ಕೋಟಿನ ಗುಂಡಿಗಳನ್ನು ಹಾಕಿಕೊಳ್ಳಲು ಹೇಳುವುದು; ಎದುರಿಗೆ ಸಾಲಾಗಿ ಕುಳಿತ ಉಳಿದವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅಂದರೆ ಅಂಗೈ ಮೇಲೆ ಕುಳಿತು, ಸುಮ್ಮನೆ ನೋಡುವುದು. ಗುಂಡಿ ಹಾಕುವುದು ದೊಡ್ಡದಲ್ಲ, ಹಾಕಲು ಒದ್ದಾಡುವವರನ್ನು ನೋಡಿಕೊಂಡು ಕೈ ಚಾಚದೆ ಕೂರುವುದು ದೊಡ್ಡದು ಎಂಬುದು ಅವರ ಸಿದ್ಧಾಂತ. ತಾನು ಮಾಡದ ಪರೀಕ್ಷೆಯನ್ನು ಇನ್ನೊಬ್ಬರಿಗೆ ಕೊಡಬಾರದೆಂದು ಪ್ರತಿವರ್ಷವೂ ಮೊದಲು ಅವರೇ ಎಲ್ಲರೆದುರು ಕೈ ಕಟ್ಟಿಸಿಕೊಂಡು ಕೋಟು ಹಾಕುತ್ತಿದ್ದರು. ಗುಂಡಿ ಮೇಡಂ ಎಂಬ ಬಿರುದು ಬಂದದ್ದು ಹಾಗೆ.

ಈ ಪಾಠವನ್ನು ಕಲಿಯಲು ಎಲ್ಲರಿಗಿಂತ ಹೆಚ್ಚು ಒದ್ದಾಡಿದವಳು ಬಸ್ ಡ್ರೈವರ್ ಒಬ್ಬರ ಮಗಳು. ಹಾಸಿಗೆ ಹಿಡಿದ ಅಜ್ಜಿಯ ಪಕ್ಕದಲ್ಲೇ ಬೆಳೆದ ಹುಡುಗಿ. ಯಾರಾದರೂ ಕೆಮ್ಮಿದರೆ ನೀರಿನ ಲೋಟದೊಂದಿಗೆ ಹಾಜರ್. ಮೇಡಂ ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟರು. ಕ್ಷೇತ್ರ ತರಬೇತಿಯ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕ ರೋಗಿ ಒಬ್ಬ ಬಡಗಿ. ಆತ ಸೋತ ಬಲಗೈಯಲ್ಲಿ ಅಂಗಿಯ ಮೂರನೆಯ ಗುಂಡಿಯನ್ನು ಕಾಜಿನವರೆಗೆ ತಂದು, ಜಾರಿಸಿ, ಮತ್ತೆ ತಂದು, ಹಣೆಯಲ್ಲಿ ಬೆವರು ಇಳಿಸುತ್ತಿದ್ದಾಗ ಇವಳ ಕೈ ತಾನಾಗಿ ಮುಂದೆ ಹೋಗಿ ಗುಂಡಿಯನ್ನು ತೂರಿಸಿಬಿಟ್ಟಿತು. ಮೇಡಂ ಅವಳನ್ನು ಫೇಲು ಮಾಡಿದರು.

ಮಾರನೆಯ ದಿನ ಅವಳ ತಾಯಿ ಬಂದರು. ಬಾಗಿಲಲ್ಲೇ ಶುರು.

"ಅಲ್ಲಾ ಮೇಡಂ, ನನ್ನ ಮಗಳೇನು ಕಾಪಿ ಹೊಡೆದಳಾ? ಪಾಪ, ಆ ಮನುಷ್ಯ ಒದ್ದಾಡ್ತಿದ್ದ, ಒಂದು ಗುಂಡಿ ಹಾಕಿದಳು. ಸಹಾಯಕಿ ಸಹಾಯ ಮಾಡಿದ್ದಕ್ಕೆ ಫೇಲ್ ಮಾಡೋದಾ? ಎಲ್ಲಿಯ ನ್ಯಾಯ ಇದು?"

"ಕೂತ್ಕೊಳ್ಳಿ ಅಮ್ಮಾ, ಮೊದಲು ಕಾಫಿ ಕುಡೀರಿ."

"ಕಾಫಿ ಯಾರಿಗೆ ಬೇಕು?"

"ಆ ಮನುಷ್ಯ ಇನ್ನೊಂದು ವಾರಕ್ಕೆ ಮನೆಗೆ ಹೋಗ್ತಾನೆ. ಅಲ್ಲಿ ಗುಂಡಿ ಹಾಕೋಕೆ ನಿಮ್ಮ ಮಗಳು ಇರ್ತಾಳಾ, ಹೇಳಿ."

ಆ ತಾಯಿ ಕುರ್ಚಿ ಎಳೆದುಕೊಂಡು ಕುಳಿತು ಬೇಡವೆಂದ ಕಾಫಿಯನ್ನು ಪೂರ್ತಿ ಕುಡಿದರು. ಹೊರಡುವಾಗ, "ಮತ್ತೆ ಯಾವಾಗಿಂದ ಕಳಿಸಲಿ?" ಎಂದು ಮಾತ್ರ ಕೇಳಿದರು.

ಹುಡುಗಿ ಕ್ಷೇತ್ರ ತರಬೇತಿಯನ್ನು ಮೊದಲಿನಿಂದ ಮಾಡಬೇಕಾಯಿತು. ಆಗ ಮೇಡಂ ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. ತಮ್ಮ ಕೆಲಸ ಮುಗಿದ ಮೇಲೂ ಮನೆಗೆ ಹೋಗದೆ, ದಿನವೂ ಸಂಜೆ ವಾರ್ಡಿಗೆ ಬಂದು ಅವಳ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು, ಇಬ್ಬರೂ ಅಂಗೈ ಮೇಲೆ ಕುಳಿತು, ಯಾವನೋ ಅಜ್ಜ ಚಮಚವನ್ನು ಬಾಯಿಗೆ ತರುವುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. "ಸುಮ್ನೆ ಕೂರೋದು ಅಂದ್ರೆ ಬಿಟ್ಟುಬಿಡೋದು ಅಲ್ಲ ಕಣೇ," ಎನ್ನುತ್ತಿದ್ದರು, "ಬೀಳೋ ಹಾಗಿದ್ರೆ ಹಿಡಿ. ಬೀಳದೆ ಇದ್ರೆ ಕಾಯಿ." ಫೇಲು ಮಾಡುವುದು ಯಾರಿಗಾದರೂ ಬರುತ್ತದೆ, ಫೇಲು ಮಾಡಿದವಳ ಪಕ್ಕದಲ್ಲಿ ಹೀಗೆ ಕೂರುವವರನ್ನು ನಾವು ಬೇರೆ ಎಲ್ಲೂ ಕಾಣಲಿಲ್ಲ. ಹುಡುಗಿ ಪಾಸಾದಳು, ಅದೇ ವಾರ್ಡಿನಲ್ಲಿ ಕೆಲಸಕ್ಕೂ ಸೇರಿದಳು.

ಕಳೆದ ವರ್ಷ ಪಾಠ ಮಾಡುತ್ತಿದ್ದಾಗ ಮೇಡಂ ಕೈಯಿಂದ ಸೀಮೆಸುಣ್ಣ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರು, ಕೈ ಬರಲಿಲ್ಲ. ಅಷ್ಟು ವರ್ಷ ಹಲಗೆಯ ಮೇಲೆ ಬರೆದು ವಿವರಿಸಿದ ಪಾರ್ಶ್ವವಾಯು ಅವರ ಬಲಭಾಗಕ್ಕೇ ಬಂದು ಕುಳಿತಿತ್ತು. ಮಾತು ಉಳಿಯಿತು, ಜೀವ ಉಳಿಯಿತು, ಕೆಲವು ವಾರಗಳಲ್ಲಿ ಕಾಲಿಗೆ ಬಲವೂ ಬಂತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಅವರ ಕೊನೆಯ ತಂಡದ ಪ್ರವೇಶ ಸಂದರ್ಶನಕ್ಕೆ ಇನ್ನು ಐದು ತಿಂಗಳಿತ್ತು. ನಮ್ಮ ನಿರ್ದೇಶಕರು ಮನೆಗೆ ಹೋಗಿ, "ನೀವು ಬಂದು ಕೂತ್ರೆ ಸಾಕು ಮೇಡಂ, ಆ ಕೋಟಿನ ಸಮಾಚಾರ ಬೇರೆಯವರು ನೋಡ್ಕೊಳ್ತಾರೆ. ಬೇಕಾದ್ರೆ ಎಡಗೈಯಲ್ಲೇ ಹಾಕಿ, ಹೇಗೂ ಒಂದೇ ಕೈ ತಾನೇ," ಎಂದರು.

"ಚೆನ್ನಾಗಿರೋ ಕೈ ಕಟ್ಟಬೇಕು ಅನ್ನೋದು ನಿಯಮ ಸಾರ್," ಎಂದರು ಮೇಡಂ. "ನನಗೀಗ ಚೆನ್ನಾಗಿರೋದು ಎಡಗೈ. ಬಲಗೈಯಲ್ಲಿ ಹಾಕೋಕಾದ್ರೆ ಬರ್ತೀನಿ. ಆಗದಿದ್ರೆ ಆ ಮಕ್ಕಳ ಮುಂದೆ ಕೂರೋಕೆ ನನಗೆ ಮುಖ ಇಲ್ಲ."

ಮನೆಯಲ್ಲಿ ದೊಡ್ಡ ಅಡ್ಡಿಯಾದವರು ಅವರ ಯಜಮಾನರು. ಗಡಿಯಾರ ರಿಪೇರಿ ಮಾಡುವ ಅವರಿಗೆ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಕೂರಿಸುವ ತಾಳ್ಮೆ ಇತ್ತು, ಹೆಂಡತಿ ಒದ್ದಾಡುವುದನ್ನು ನೋಡುವ ತಾಳ್ಮೆ ಇರಲಿಲ್ಲ. ತಲೆ ಬಾಚುವವರು ಅವರೇ, ತುತ್ತು ಕೊಡುವವರು ಅವರೇ, ಹಲ್ಲುಜ್ಜುವ ಬ್ರಷ್ಷಿಗೆ ಪೇಸ್ಟು ಹಚ್ಚುವವರೂ ಅವರೇ. ಪ್ರೀತಿಯೇನೋ ಹೊಳೆಯಾಗಿ ಹರಿಯಿತು. ಕೈ ಇದ್ದಲ್ಲೇ ಇತ್ತು. ಥೆರಪಿಸ್ಟರು ಚಿಕಿತ್ಸೆಯ ಯೋಜನೆ ಹಾಕಿಕೊಟ್ಟು, ದಿನವೂ ಬಂದು ಮಾಡಿಸಲು ಒಬ್ಬ ಸಹಾಯಕಿಯನ್ನು ಕಳಿಸಿದರು. ಬಾಗಿಲು ತೆರೆದರೆ ಬಿರುಗಾಳಿ ನಿಂತಿದ್ದಳು.

ಬಂದವಳೇ ಮೊದಲು ಯಜಮಾನರಿಗೆ ಕುರ್ಚಿ ತೋರಿಸಿದಳು. "ಅಂಕಲ್, ಎರಡೂ ಕೈ ತೊಡೆ ಕೆಳಗೆ. ನಾನು ಹೇಳೋ ತನಕ ತೆಗೀಬಾರದು." ಅವರು ಶಾಲೆಯ ಹುಡುಗನಂತೆ ಕುಳಿತರು. ಮೊದಲು ಟವೆಲ್ ಹಿಂಡುವುದು, ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸುವುದು, ಆಮೇಲೆ ಹಲಗೆಗೆ ಬಿಗಿದ ಬಟ್ಟೆಯ ಮೇಲೆ ಹೊಲಿದ ದೊಡ್ಡ ಗುಂಡಿಗಳು. ಬೆರಳುಗಳು ನಿಧಾನವಾಗಿ ಮಾತು ಕೇಳತೊಡಗಿದವು. ಕೋಟಿನ ಗುಂಡಿ ಮಾತ್ರ ಕೇಳಲಿಲ್ಲ.

ಸಂದರ್ಶನ ಹತ್ತಿರ ಬಂದಾಗ ಒಂದು ಸಂಜೆ, ಎಷ್ಟು ಹೊತ್ತು ಹೆಣಗಿದರೂ ಮೊದಲ ಗುಂಡಿಯೇ ಕೂರದೆ, ಮೇಡಂ ಕೈಚೆಲ್ಲಿದರು.

"ಸಾಕು ಕಣೇ. ನೀನೇ ಹಾಕು."

ಹುಡುಗಿ ಅಲ್ಲಾಡಲಿಲ್ಲ.

"ಹಾಕೇ ಅಂದ್ರೆ! ನನ್ನಿಂದ ಆಗಲ್ಲ. ಒಂದೇ ಒಂದು ಗುಂಡಿ, ನಿನ್ನ ಗಂಟೇನು ಹೋಗುತ್ತೆ?"

"ಕಾಯ್ತೀನಿ ಮೇಡಂ," ಎಂದಳು ಹುಡುಗಿ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಕೈಗಳು ತೊಡೆಯ ಕೆಳಗಿದ್ದುದರಿಂದ ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

"ನಿನ್ನನ್ನ ಯಾಕಾದ್ರೂ ಪಾಸ್ ಮಾಡಿದೆನೋ!" ಎಂದು ಮೇಡಂ ಗದರಿದರು. ಅತ್ತರು. ಅಷ್ಟು ವರ್ಷ ತಾವು ರೋಗಿಗಳಿಂದ ಏನನ್ನು ಕೇಳುತ್ತಿದ್ದೆವೆಂಬುದು ಆ ಸಂಜೆ ಮೊದಲ ಸಲ ತಮ್ಮ ಮೈಗೆ ತಿಳಿಯಿತೆಂದು ಅವರೇ ಆಮೇಲೆ ಹೇಳಿದ್ದುಂಟು. ಅತ್ತು ಮುಗಿಸಿ, ಮತ್ತೆ ಗುಂಡಿಗೆ ಕೈ ಹಾಕಿದರು. ಅಂದು ಅದು ಕೂರಲೇ ಇಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಕೂತಿತು.

ಸಂದರ್ಶನದ ಬೆಳಿಗ್ಗೆ ಅಭ್ಯರ್ಥಿಗಳೆಲ್ಲ ಸಾಲಾಗಿ ಅಂಗೈ ಮೇಲೆ ಕುಳಿತಿದ್ದರು. ಹಿಂದಿನ ಸಾಲಿನಲ್ಲಿ ನಾವು, ಯಜಮಾನರು, ಬಿರುಗಾಳಿ. ಮೇಡಂ ಎಡಗೈಯನ್ನು ಸೊಂಟಕ್ಕೆ ಕಟ್ಟಿಸಿಕೊಂಡರು. ಮೊದಲ ಗುಂಡಿ ಕೂತಿತು, ಎರಡನೆಯದು, ಮೂರನೆಯದು. ಕೊನೆಯದು ತಪ್ಪು ಕಾಜಿಗೆ ಹೋಯಿತು. ನಿರ್ದೇಶಕರು ತಡೆಯಲಾರದೆ ಅರ್ಧ ಎದ್ದುಬಿಟ್ಟರು. "ಸಾರ್, ಕೂತ್ಕೊಳ್ಳಿ," ಎಂದಳು ಬಿರುಗಾಳಿ, ಮೆಲ್ಲಗೆ. ಅವರು ಕುಳಿತರು. ಮೇಡಂ ತಪ್ಪಾದದ್ದನ್ನು ಬಿಚ್ಚಿ, ಬೆರಳುಗಳಿಗೆ ತುಸು ವಿಶ್ರಾಂತಿ ಕೊಟ್ಟು, ಮತ್ತೆ ಹಾಕಿದರು. ಆಮೇಲೆ ತಲೆಯೆತ್ತಿ, ಏನೂ ಆಗಿಲ್ಲವೆಂಬಂತೆ, "ಹೂಂ, ಮೊದಲನೆಯವರು ಬನ್ನಿ," ಎಂದರು. ಯಜಮಾನರಂತೂ ಕೈ ತೆಗೆಯುವುದನ್ನೇ ಮರೆತು, ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಹಾಗೆಯೇ ಕುಳಿತಿದ್ದರು.

ನಿವೃತ್ತಿಯ ಮರುದಿನದಿಂದಲೇ ವಾರ್ಡಿನಲ್ಲಿ ತಮಗೊಂದು ಸ್ಟೂಲು ಇಡಬೇಕೆಂದು ಮೇಡಂ ಈಗಾಗಲೇ ಅಪ್ಪಣೆ ಮಾಡಿದ್ದಾರೆ. ಸಂಬಳವಿಲ್ಲದೆ ಗದರಿಸಲು ಇನ್ನೂ ಚೆನ್ನಾಗಿರುತ್ತದೆಯಂತೆ. ಆ ಸ್ಟೂಲಿನ ಮೇಲೆ ಅವರು ಬಹುಕಾಲ ಗಟ್ಟಿಯಾಗಿ ಕುಳಿತಿರಲಿ, ಆ ಬಲಗೈ ಇನ್ನೂ ಸಾವಿರ ಜನರ ಬೆನ್ನು ತಟ್ಟಲಿ ಎಂದು ಮನಸಾರೆ ಹಾರೈಸುತ್ತೇವೆ. ಈ ಪುಸ್ತಕವನ್ನು ಅವರಿಗೆ ಅರ್ಪಿಸುವ ದಿನ ಸಭೆಗೆ ಬರುವವರಲ್ಲಿ ಒಂದು ವಿನಂತಿ. ವೇದಿಕೆಗೆ ನಾಲ್ಕು ಮೆಟ್ಟಿಲುಗಳಿವೆ, ಅವರು ಹತ್ತುವುದು ತಡವಾಗುತ್ತದೆ, ಪುಸ್ತಕವನ್ನು ಬಲಗೈಯಲ್ಲೇ ತೆಗೆದುಕೊಳ್ಳುತ್ತೇನೆಂದು ಹಟ ಬೇರೆ ಹಿಡಿದಿದ್ದಾರೆ. ದಯವಿಟ್ಟು ಯಾರೂ ಓಡಿಹೋಗಿ ಕೈ ಹಿಡಿಯಬೇಡಿ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಾಯಿರಿ. ಅವರು ಮೇಲೆ ತಲುಪಿದ ಮೇಲೆ ಬೇಕಾದಷ್ಟು ಚಪ್ಪಾಳೆ ತಟ್ಟಬಹುದು.