ನೀರು ಮುಗಿಯದ ಬಿಂದಿಗೆಯ ಬೆಲೆ

ನಮ್ಮ ಭಾವ ನಂಜನಗೂಡಿನ ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿದ್ದರು. ಯಾವ ಸರಕು ತಯಾರಿಸಲು ಎಷ್ಟು ಖರ್ಚು, ಎಷ್ಟಕ್ಕೆ ಮಾರಿದರೆ ಲಾಭ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಆ ಕೆಲಸವನ್ನು ಗೇಟಿನ ಒಳಗೇ ಬಿಟ್ಟು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವರು ಮನೆಗೂ ತರುತ್ತಿದ್ದರು. ಅಕ್ಕ ಮಾಡಿದ ಬಸ್ಸಾರು ಉಣ್ಣುತ್ತಾ, "ಹೋಟ್ಲಲ್ಲಿ ಇದಕ್ಕೆ ಎಷ್ಟು ಕೀಳ್ತಿದ್ರು ಗೊತ್ತಾ?" ಎನ್ನುವರು. ಅದೇ ಅವರ ಹೊಗಳಿಕೆ.

ನಾನಾಗ ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದ ಹೊಸತು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದರೆ, ಊಟವಾದ ಮೇಲೆ ಆಟ. ಭಾವ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕಲಿತದ್ದು. ಒಬ್ಬರು ಕಥೆ ಹೇಳುತ್ತಾ ಹೋಗಬೇಕು, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು. ಗೆದ್ದೆವೋ ಬಿದ್ದೆವೋ ಎನ್ನುವುದನ್ನು ಹಲವು ಮುಖಗಳ ದಾಳ ತೀರ್ಮಾನಿಸುತ್ತದೆ. ರಾಕ್ಷಸರು, ಮಂತ್ರವಾದಿಗಳು, ಪಾಳು ಕೋಟೆಗಳು ಎಲ್ಲ ಇರುತ್ತವೆ. ಕಥೆ ಹೇಳುವವರು ಭಾವ. ಆಡುವವರು ಅಕ್ಕ, ನಾನು ಮತ್ತು ಹಿಂದಿನ ಬೀದಿಯ ಸೈಟ್ ಬ್ರೋಕರು. ಹುಲ್ಲಹಳ್ಳಿ ಕಡೆಯವನಾದ ಆತ ಕತ್ತಿ ಹಿಡಿದ ವೀರನಾಗಿಯೇ ಆಡುತ್ತೇನೆಂದು ಮೊದಲ ದಿನವೇ ಹಟ ಹಿಡಿದಿದ್ದ.

ಆಟ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ಅಂಗಡಿ. ಭಾವನ ಕಥೆಯಲ್ಲಿ ಕಾಡಿನ ನಡುವೆ ನಾಲ್ಕು ಗುಡಿಸಲಿನ ಹಳ್ಳಿ ಬಂದರೂ ಅಲ್ಲೊಂದು ಮಾಯಾವಸ್ತುಗಳ ಅಂಗಡಿ ಇದ್ದೇ ಇರುತ್ತಿತ್ತು. ಪ್ರತಿಯೊಂದಕ್ಕೂ ಹೊನ್ನಿನಲ್ಲಿ ಬೆಲೆ. ಜೆರಾಕ್ಸ್ ಮಾಡಿಸಿದ ನಿಯಮದ ಪುಸ್ತಕದಲ್ಲಿದ್ದ ಬೆಲೆಗಳು ಸಾಲದೆಂದು ಭಾವ ತಾವೇ ಒಂದು ಸೂತ್ರ ಕಟ್ಟಿದ್ದರು. ಬೆಂಕಿ ಕಾರುವ ಕತ್ತಿಗೆ ಒಂದು ಊರನ್ನೇ ಕೊಳ್ಳುವಷ್ಟು ಹೊನ್ನು. ಅದೃಶ್ಯವಾಗುವ ಕಂಬಳಿಗೆ ಅದರ ಮೇಲಿಷ್ಟು. ನೀರು ಎಂದೂ ಮುಗಿಯದ ಬಿಂದಿಗೆಗೆ ಮಾತ್ರ ಒಂದು ಕುಂಟು ಕುದುರೆಯ ಬೆಲೆಯೂ ಇಲ್ಲ.

"ಏನ್ ಭಾವ ಇದು? ನೀರು ಮುಗಿಯದ ಬಿಂದಿಗೆ ಇಷ್ಟು ಅಗ್ಗನಾ?" ಎಂದೆ.

"ಯುದ್ಧದಲ್ಲಿ ಅದರಿಂದ ಏನು ಪ್ರಯೋಜನ? ಎಷ್ಟು ಜನಾನ ಸಾಯಿಸುತ್ತೆ ಅನ್ನೋದರ ಮೇಲೆ ರೇಟು. ಸೂತ್ರ ಅಂದ್ರೆ ಸೂತ್ರ."

ಮೇ ತಿಂಗಳು. ಕಿಟಕಿಯಾಚೆ ಬೀದಿಯ ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲು ಕಾಣುತ್ತಿತ್ತು, ಹೆಂಗಸರ ಜಗಳ ಕೇಳುತ್ತಿತ್ತು. ಈ ಮನುಷ್ಯನಿಗೆ ಅದು ಕಾಣಿಸುತ್ತಲೂ ಇರಲಿಲ್ಲ, ಕೇಳಿಸುತ್ತಲೂ ಇರಲಿಲ್ಲ. ಇವರೊಬ್ಬರೇ ಹೀಗೆಂದು ನಾನು ತಿಳಿದಿದ್ದೆ. ಆಮೇಲೆ ಮೈಸೂರಿನ ಸೈಬರ್ ಸೆಂಟರಿನಲ್ಲಿ ಕೂತು ನೋಡಿದರೆ, ಇದೇ ಆಟ ಆಡುವ ದೇಶವಿದೇಶದ ಗಡ್ಡ ಬಂದ ಗಂಡಸರು ಇಂಟರ್ನೆಟ್ಟಿನಲ್ಲಿ ಹಾರುವ ಪಾದರಕ್ಷೆಯ ಬೆಲೆ ಸರಿಯೋ ತಪ್ಪೋ ಎಂದು ಪುಟಗಟ್ಟಲೆ ಕಚ್ಚಾಡುತ್ತಿದ್ದರು. ಬೇಕಾದ್ದನ್ನೆಲ್ಲ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟರೆ ಈ ಜನ ಕಲ್ಪಿಸಿಕೊಂಡದ್ದು ಕಿರಾಣಿ ಅಂಗಡಿಯನ್ನು.

ಅಕ್ಕ ಏನೂ ವಾದ ಮಾಡಲಿಲ್ಲ. ಅವಳ ಪಾತ್ರ ಒಬ್ಬ ನಾಟಿ ವೈದ್ಯೆ. "ನಂಗೆ ಆ ಬಿಂದಿಗೆ ಕೊಡಿ" ಎಂದಳು. ಬ್ರೋಕರು ಬೆಂಕಿ ಕತ್ತಿ ಕೊಂಡು, "ಅಕ್ಕಾರೆ, ರಾಕ್ಷಸ ಬಂದಾಗ ಅವ್ನಿಗೆ ಸ್ನಾನ ಮಾಡುಸ್ತೀರಾ?" ಎಂದು ನಕ್ಕ.

ಮುಂದೆ ಕಥೆ ಒಂದು ಕೋಟೆಗೆ ಬಂತು. ಸುತ್ತ ಮರಳುಗಾಡು, ಒಳಗೆ ದುಷ್ಟ ದೊರೆ, ಬಾಗಿಲಲ್ಲಿ ಸಾಲುಸಾಲು ಸೈನಿಕರು. ಭಾವ ತಿಂಗಳಿಂದ ಈ ಯುದ್ಧಕ್ಕೆ ತಯಾರಿ ಮಾಡಿಕೊಂಡಿದ್ದರು. ಅಕ್ಕ ಕೇಳಿದಳು: "ಈ ಸೈನಿಕರಿಗೆ ನೀರು ಎಲ್ಲಿಂದ ಬರುತ್ತೇರೀ?"

"ದೊರೆ ಅಳೆದು ಕೊಡ್ತಾನೆ. ದಿನಕ್ಕೊಂದು ಲೋಟ."

"ಹಾಗಾದ್ರೆ ನಾನು ಬಾಗಿಲ ಮುಂದೆ ಕೂತು ಬಿಂದಿಗೆ ಬಗ್ಗಿಸ್ತೀನಿ. ಬಂದೋರಿಗೆಲ್ಲ ನೀರು. ಕುಡಿದೋರು ಬೇಕಾದ್ರೆ ನಮ್ಮ ಹಿಂದೆ ಬರಲಿ."

ಭಾವ ದಾಳ ಹಾಕಿದರು, ಮತ್ತೆ ಹಾಕಿದರು. ಎರಡು ಸಲವೂ ಅಕ್ಕನ ಪರವಾಗಿಯೇ ಬಿತ್ತು. ಸೈನಿಕರು ಈಟಿ ಬಿಸಾಕಿ ಬೊಗಸೆ ಒಡ್ಡಿದರು. ಸಂಜೆಯ ಕಾಫಿಗೆ ಮೊದಲೇ ಕೋಟೆ ನಮ್ಮದಾಯಿತು. ಒಬ್ಬನೂ ಸಾಯಲಿಲ್ಲ. ಭಾವನ ಮುಖ ಮಾತ್ರ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

ಮುಂದಿನ ಭಾನುವಾರ ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಬಿಂದಿಗೆ ರೇಟು ರಿವಿಷನ್ ಆಗಿದೆ. ಅದು ಬೆಂಕಿ ಕತ್ತಿಗಿಂತ ಜಾಸ್ತಿ. ವ್ಯತ್ಯಾಸದ ಹಣ ಕಟ್ಟಬೇಕು, ಇಲ್ಲ ವಾಪಸ್ ಮಾಡಬೇಕು."

ಕಟ್ಟಿಕೊಂಡ ಹೆಂಡತಿಯಿಂದ, ಇಲ್ಲದ ಬಿಂದಿಗೆಗೆ, ಇಲ್ಲದ ಹೊನ್ನಿನಲ್ಲಿ ಬಾಕಿ ವಸೂಲಿ! ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೆ ನಗು ಬರಲಿಲ್ಲ. "ಕೊಟ್ಟ ಮೇಲೆ ಬೆಲೆ ಏರಿಸೋದು ಯಾವ ಊರಿನ ವ್ಯಾಪಾರ?" ಎಂದಳು.

ಬ್ರೋಕರೂ ಅವಳ ಪರ ನಿಂತ. "ತಪ್ಪು ಸಾ. ರಿಜಿಸ್ಟ್ರಾದ ಮ್ಯಾಲೆ ರೇಟ್ ಏರ್ಸಕಾಯ್ತದಾ? ನಂ ಲೈನಲ್ಲೇ ಅಂಗ್ ಮಾಡಾಕಿಲ್ಲ."

ಭಾವ ಪುಸ್ತಕ ಮುಚ್ಚಿದರು. "ಆ ರಾತ್ರಿ ಒಬ್ಬ ಕಳ್ಳ ಬಂದು ಬಿಂದಿಗೆ ಕದ್ದ" ಎಂದು ಕಥೆ ಮುಂದುವರಿಸಿದರು. ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ಒಳಗಿಂದ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಬರತೊಡಗಿತು.

ಬ್ರೋಕರು ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಸಾ, ಆ ಕಳ್ಳನ್ನ ಇಡ್ಕೊಂಡೆ ಅನ್ಕಳಿ. ನನ್ ಕತ್ತಿ ಅವ್ನಿಗೆ, ಬಿಂದಿಗೆ ನಂಗೆ."

"ಅಯ್ಯೋ, ಹಳೇ ರೇಟಲ್ಲಿ ನೋಡಿದ್ರೆ ನಿಮಗೆ ಭಾರಿ ಲಾಸು ಕಣ್ರೀ!"

"ಲಾಸಾದ್ರೆ ನಂಗೆ ತಾನೆ ಸಾ? ಕೊಡಿ ಅತ್ಲಾಗೆ." ಆಮೇಲೆ ಅಡಿಗೆಮನೆಯ ಕಡೆಗೆ ಕೂಗಿದ: "ಅಕ್ಕಾರೆ, ನಿಮ್ ಬಿಂದಿಗೆ ಸಿಕ್ತು, ಬನ್ನಿ!"

ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದಳು. ಆದರೆ ತನ್ನ ಜಾಗಕ್ಕೆ ಹೋಗಲಿಲ್ಲ. ಭಾವನ ಮುಂದಿದ್ದ ದಾಳಗಳನ್ನು ಬಾಚಿಕೊಂಡು, "ಏಳಿ. ಇನ್ಮೇಲೆ ಕಥೆ ನಾನು ಹೇಳ್ತೀನಿ" ಎಂದಳು. ಅವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಎದ್ದರು.

ಅಕ್ಕನ ಕಥೆಯಲ್ಲಿ ಅಂಗಡಿಗಳೇ ಇರಲಿಲ್ಲ. ಭಾವ ಒಬ್ಬ ಮಂತ್ರವಾದಿಯಾಗಿ ಸೇರಿಕೊಂಡರು. ದಾರಿಯಲ್ಲಿ ಒಬ್ಬ ಮುದುಕಿ ನಮ್ಮನ್ನು ಕರೆದು ಹಾರುವ ಚಾಪೆಯೊಂದನ್ನು ಕೊಟ್ಟಳು. "ಎಷ್ಟಂತೆ?" ಎಂದರು ಭಾವ.

"ಸುಮ್ಮನೆ ಕೊಟ್ಳು."

"ಸುಮ್ಮನೆ ಯಾರು ಕೊಡ್ತಾರೆ? ಏನೋ ಮೋಸ ಇದೆ." ಎಷ್ಟು ಹೇಳಿದರೂ ಅವರು ಅದರ ಮೇಲೆ ಕಾಲಿಡಲಿಲ್ಲ. ಉಳಿದವರು ಬೆಟ್ಟದ ಮೇಲೆ ಹಾರಿಹೋದೆವು. ನಮ್ಮ ಭಾವ ಕಾಡಿನಲ್ಲಿ ಮುಳ್ಳು ತುಳಿಯುತ್ತಾ, ಒಂಟಿಯಾಗಿ, ಇಡೀ ಮಧ್ಯಾಹ್ನ ನಡೆದರು.