ಚೆಂಬೂರಿನ ಶಾಲೆಯಲ್ಲಿ ಆಟದ ಪಿರಿಯಡ್

ದಸರಾ ರಜೆ ಬಿದ್ದ ಮರುದಿನವೇ ಧಾರವಾಡದಿಂದ ಮುಂಬೈಗೆ ಹೊರಟೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸುವವಳು. ಚೆಂಬೂರಿನಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ಶಾಂತಕ್ಕ, ತನ್ನ ಮಕ್ಕಳು ಓದುವ ಕನ್ನಡ ಶಾಲೆಯಲ್ಲಿ ಆಟವೆಂಬುದೇ ಇಲ್ಲ, ಪಾಲಕರೆಲ್ಲ ಸೇರಿ ಒಂದು ನಿಯಮ ಮಾಡಿಸಲು ಹೊರಟಿದ್ದೇವೆ, ನೀನು ಬಂದರೆ ಬಲ ಬರುತ್ತದೆ ಎಂದು ಹೇಳಿ ಕಳಿಸಿದ್ದಳು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೀರಜ್‌ನಲ್ಲಿ ಮೀಟರ್‌ಗೇಜ್ ಗಾಡಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆಯೇ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಮುಂಬೈ ಗಾಡಿ ಹತ್ತಿದೆ.

ಬೆಳಿಗ್ಗೆ ದಾದರ್‌ನಲ್ಲಿ ಶಾಂತಕ್ಕ ಕಾಯುತ್ತಿದ್ದಳು. "ಚೀಲ ಎದಿಗೆ ಹಿಡ್ಕೊ. ಲೋಕಲ್ ಬಂದ ಕೂಡ್ಲೆ ಹತ್ತಿಬಿಡು, ವಿಚಾರ ಮಾಡ್ಕೋತ ನಿಲ್ಲಬ್ಯಾಡ" ಎಂದಳು. ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರು ಸೇರಿದೆವು. ಅಕ್ಟೋಬರದ ಸೆಕೆ. ಗಾಳಿ ಬೀಸಿದಾಗಲೆಲ್ಲ ರಿಫೈನರಿಯ ಎಣ್ಣೆ ವಾಸನೆ.

ಶಾಲೆ ಒಂದು ಬಾಡಿಗೆ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿತ್ತು. ವೇಳಾಪಟ್ಟಿಯಲ್ಲಿ 'ಆಟ' ಎಂದು ಬರೆದ ಹೊತ್ತಿಗೇ ಇಣುಕಿದೆ. ಗಣಿತದ ಮಾಸ್ತರರು ಬಡ್ಡಿಲೆಕ್ಕ ಬಿಡಿಸುತ್ತಿದ್ದರು. ಉಡುಪಿ ಕಡೆಯ ಹೆಡ್‌ಮಾಸ್ತರರು ಚಹಾ ತರಿಸಿ ನೇರವಾಗಿಯೇ ಹೇಳಿದರು: "ಆಡಿಸ್ಲಿಕ್ಕೆ ಜಾಗ ಎಲ್ಲಿ ಉಂಟು ಮಾರಾಯ್ರೆ? ನಾಳೆ ರಿಸಲ್ಟ್ ಬಿದ್ರೆ ಇದೇ ಪಾಲಕರು ನನ್ನನ್ನು ಬಿಡ್ತಾರಾ?" ಅವರ ಮಾತನ್ನು ಸುಳ್ಳೆನ್ನುವಂತಿರಲಿಲ್ಲ.

ಜಾಗ ಎಂಬುದೊಂದು ಇತ್ತು. ಶಾಲೆಯ ಹಿಂದೆ ಪಕ್ಕದ ಕಾಲೊನಿಗೆ ಸೇರಿದ ತುಂಡು ನೆಲ. ಅದರ ತುಂಬ ಇಟ್ಟಿಗೆ ಚೂರು, ಮುರಿದ ಹೆಂಚು, ಕಬ್ಬಿಣದ ತಗಡು. ನೀವೇ ಸ್ವಚ್ಛ ಮಾಡಿಕೊಂಡರೆ ಬಳಸಿಕೊಳ್ಳಿ ಎಂದು ಕಾಲೊನಿಯವರು ಒಪ್ಪಿದ್ದರು. ಶನಿವಾರ ಶಿಫ್ಟ್ ಮುಗಿಸಿದ ಗಂಡಸರು ಸಲಿಕೆ ಹಿಡಿದು ಬಂದರು, ಚಾಳಿನ ವಠಾರದ ಹೆಂಗಸರು ಬುಟ್ಟಿ ತಂದರು. ನಾನೂ ಸೆರಗು ಸಿಕ್ಕಿಸಿ ಬುಟ್ಟಿ ಹೊರುವವರ ಸಾಲಿನಲ್ಲಿ ನಿಂತೆ. ನನ್ನ ಮುಂದೆ ನಿಂತಿದ್ದವಳು ವಿಜಾಪುರ ಕಡೆಯ ಕಾಶವ್ವ. ಅವಳ ಮಗಳು ಗಿರಿಜಾ ಎಂಟನೆಯ ತರಗತಿ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಯಾರೂ ನಿಲ್ಲಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಮಣ್ಣು ಕಂಡಿತು. ಅಳತೆಯಲ್ಲಿ ಅರ್ಧ ಖೋ-ಖೋ ಅಂಗಳ, ಅಷ್ಟೇ.

ಭಾನುವಾರ ಸಭೆ. ಶಾಂತಕ್ಕ ಪಾಲಕರ ನಿಯಮ ಓದಿದಳು: "ಆಟದ ಪಿರಿಯಡ್ ಹುಡುಗರ ಆಟಕ್ಕೇ ಮೀಸಲು. ಆ ಹೊತ್ತಿನಲ್ಲಿ ಬೇರೆ ಪಾಠ ಮಾಡಕೂಡದು. ಇಬ್ಬರು ಪಾಲಕರು ಸರದಿಯ ಮೇಲೆ ಹಾಜರಿರಬೇಕು."

ಕಾಶವ್ವನ ಗಂಡ ಬಸಪ್ಪ ಎದ್ದು ನಿಂತ. "ಹುಡುಗರು ಅಂತ ಬರದೀರಿ, ಸರಿ ಐತ್ರಿ. ಹುಡುಗ್ಯಾರಿಗೆ ಬ್ಯಾಡ. ಮನ್ಯಾಗ ನೀರು ಹೊತ್ತರ ಅವರ ಮೈ ಗಟ್ಟಿ ಆಗತೈತಿ."

ಕೆಲವರು ತಲೆಯಾಡಿಸಿದರು. ಹುಡುಗರು ಎಂದರೆ ಎಲ್ಲ ಮಕ್ಕಳೂ ಎಂದುಕೊಂಡೇ ಬರೆದಿದ್ದ ಶಾಂತಕ್ಕ ತಬ್ಬಿಬ್ಬಾದಳು. ಆಗ ಹೆಂಗಸರ ಕಡೆಯಿಂದ ಕಾಶವ್ವ ಎದ್ದಳು. ಗಂಡನತ್ತ ನೋಡದೆ ಹೆಡ್‌ಮಾಸ್ತರರಿಗೆ ಹೇಳಿದಳು.

"ನೀರು ಹೊರೂದು ಕೆಲಸ ಐತ್ರಿ, ಆಟ ಅಲ್ಲ. ನಾನೂ ಸಣ್ಣಾಕಿದ್ದಾಗಿಂದ ಹೊತ್ತೀನಿ. ನನ್ನ ನಡದ ನೋವು ನನಗ ಗೊತ್ತೈತಿ. ಹುಡುಗ್ಯಾರು ಅಂತನೂ ಬರೀರಿ. ಇಲ್ಲಂದ್ರ ನಿನ್ನೆ ಆ ಕಲ್ಲು ಮಣ್ಣು ನಾ ಯಾಕ ಹೊತ್ತೆ?"

ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು. ಭಾಷಣಕ್ಕೆಂದು ಗಾಡಿಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಬಿಟ್ಟು, "ಆ ಅಂಗಳ ಹುಡುಗರಿಗೆ ಸಾಲ್ತದ ಅಂದ್ರ ಹುಡುಗಿಯರಿಗೂ ಸಾಲ್ತದ್ರಿ" ಎಂದಷ್ಟೇ ಹೇಳಿದೆ. ಅವರು ತಾವೇ ಆ ಪದ ಸೇರಿಸಿದರು. ವರ್ಷದ ಕೊನೆಗೆ ರಿಸಲ್ಟ್ ನೋಡಿ ಮತ್ತೆ ಕೂತು ಮಾತಾಡಬೇಕು ಎಂಬ ಷರತ್ತನ್ನೂ ಹಾಕಿದರು. ಕೈಗಳು ಎದ್ದವು. ಬಸಪ್ಪ ಎತ್ತಲಿಲ್ಲ.

ಸೋಮವಾರ ಎಂಟನೆಯ ತರಗತಿಯ ಸರದಿ. ಗಣಿತದ ಮಾಸ್ತರರು ರೂಢಿಯಂತೆ ಸೀಮೆಸುಣ್ಣ ಹಿಡಿದು ಬಂದರು. ಬಾಗಿಲಲ್ಲಿದ್ದ ಶಾಂತಕ್ಕ, "ಲೆಕ್ಕ ನಾಳೆ, ಸರ್" ಎಂದಳು. ಹುಡುಗರು ಕಬಡ್ಡಿ ಆಡಿ ಅಂಗಳ ಬಿಟ್ಟ ಮೇಲೆ ಹುಡುಗಿಯರಿಗೆ ನಾನು ಖೋ-ಖೋ ತೋರಿಸಿಕೊಟ್ಟೆ. ಎದ್ದು ಓಡಿದ ಗಿರಿಜಾ ಮೊದಲ ತಿರುವಿನಲ್ಲೇ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಅಂದು ಹಾಜರಿಗಿದ್ದ ಕಾಶವ್ವ ಕೂತಲ್ಲಿಂದಲೇ, "ಏಳವಾ, ಆಟ ಇನ್ನಾ ಮುಗದಿಲ್ಲ" ಎಂದಳು. ಗಿರಿಜಾ ಎದ್ದು ಓಡಿದಳು.

ರಾತ್ರಿಪಾಳಿ ಮುಗಿಸಿದ ಬಸಪ್ಪ ಗೋಡೆಯಾಚೆ ನಿಂತಿದ್ದ. "ಒಳಗ ಬರ್ರಿ" ಎಂದೆ. "ಇಲ್ಲೇ ಬೇಶ್ ಅದೀನ್ರಿ" ಎಂದ. ಗಂಟೆ ಹೊಡೆಯುವ ತನಕ ಅಲ್ಲಿಂದ ಕದಲಲಿಲ್ಲ.

ಮರುದಿನ ಗಾಡಿ ಹತ್ತಿದೆ. ಧಾರವಾಡದಲ್ಲಿ ಶಾಲೆ ತೆರೆದ ಬೆಳಿಗ್ಗೆ ನಮ್ಮ ಹೆಡ್‌ಮಿಸ್ಟ್ರೆಸ್ ಕೇಳಿದರು: "ಮುಂಬೈ ಹೆಂಗಿತ್ತು? ಸಮುದ್ರ ನೋಡಿದ್ರೇನು?"

"ಇಲ್ರಿ. ನಮ್ಮ ಹುಡುಗಿಯರ ತಾಯಂದಿರನ್ನ ಒಮ್ಮೆ ಸಾಲಿಗೆ ಕರೀಬೇಕ್ರಿ."

"ಯಾಕ?"

"ನಮ್ಮಲ್ಲೆ ಅಷ್ಟು ದೊಡ್ಡ ಮೈದಾನ ಅದ. ಆದ್ರ ನನ್ನ ಡ್ರಿಲ್ ಒಂದು ಬಿಟ್ರ, ಆಟದ ಪಿರಿಯಡ್‌ನಾಗ ಹೊಲಿಗಿ ಕಲಸ್ತೀವಿ" ಎಂದೆ.