ತುಪ್ಪಕ್ಕೆ ಮುಂಚಿನ ಮಾತು

ಮೊನ್ನೆ ಮದುವೆಯೊಂದರಲ್ಲಿ ಬಡಿಸುವವನು ಕೇಳದೆಯೇ ನನ್ನ ಅನ್ನದ ಮೇಲೆ ತುಪ್ಪ ಸುರಿದು ಮುಂದೆ ಹೋದ. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಬೀದಿಯ ಬಣ್ಣದ ಮನೆ ಅಮ್ಮ ಕಣ್ಣಮುಂದೆ ಬಂದರು. ಅವರ ಪಂಕ್ತಿಯಲ್ಲಿ ತುಪ್ಪ ಹೀಗೆ ಪುಕ್ಕಟೆ ಸಿಗುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೂ ನೇಕಾರರ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವ ಕೆಲಸವನ್ನು ನಡೆಸಿಕೊಂಡು ಬಂದವರು ಅವರು. ಅಂಗೈ ಯಾವಾಗಲೂ ಅಂದಂದಿನ ಬಣ್ಣದಲ್ಲೇ ಇರುತ್ತಿತ್ತು. ಅಮಾವಾಸ್ಯೆಯಂದು ಊರಿನ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದು ಅದೊಂದೇ ದಿನ ಎಂದು ಅವರು ಬೀದಿಯವರನ್ನು ಮಧ್ಯಾಹ್ನದ ಊಟಕ್ಕೆ ಕರೆಯುತ್ತಿದ್ದರು. ಊಟದ ಜೊತೆ ಒಂದು ಪ್ರಶ್ನೆ. ಸತ್ಯ ದೊಡ್ಡದೋ, ದಯೆ ದೊಡ್ಡದೋ? ಸತ್ತ ಮೇಲೆ ಏನಾದರೂ ಉಳಿಯುತ್ತದೆಯೇ? ಮುದ್ದೆ ಮುರಿಯುತ್ತಲೇ ವಾದ ಶುರುವಾಗುತ್ತಿತ್ತು. ಆದರೆ ಒಂದು ಕಟ್ಟುನಿಟ್ಟಿತ್ತು. ಎದುರಿನವರ ಮಾತನ್ನು ಅಲ್ಲಗಳೆಯುವ ಮುಂಚೆ ಆ ಮಾತನ್ನು ನೀವೇ ಒಮ್ಮೆ ಹೇಳಬೇಕು. "ಹೂಂ, ನಾನಂದಿದ್ದು ಅದೇ" ಎಂದು ಅವರು ಒಪ್ಪಿದರೆ ನಿಮ್ಮ ಎಲೆಗೆ ತುಪ್ಪ, ಆಮೇಲೆ ನಿಮ್ಮ ವಾದ. ಎಷ್ಟೋ ಬಾಯಿಬಡುಕರು ತುಪ್ಪ ಕಾಣದೆ ಎದ್ದು ಹೋದದ್ದುಂಟು.

ಎಪ್ಪತ್ತರ ದಶಕದ ಆರಂಭ. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ನಮ್ಮ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತಿತ್ತು. ಕೈಮಗ್ಗ ತೆಗೆದು ಕರೆಂಟಿನ ಮಗ್ಗ ಹಾಕೋಣ ಎಂದು ಚಿಕ್ಕಪ್ಪ; ನಾನು ಸತ್ತ ಮೇಲೆ ಹಾಕಿಕೋ ಎಂದು ಅಪ್ಪ. ಮನೆಯ ನಡುವೆ ಗೋಡೆ ಎಬ್ಬಿಸಲು ಇಟ್ಟಿಗೆಯೂ ಬಂದು ಬಿದ್ದಿತ್ತು. ಗೋಡೆಯ ಆಚೆ ಚಿಕ್ಕಮ್ಮ, ಈಚೆ ಅಮ್ಮ... ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ಅಮಾವಾಸ್ಯೆ ಬಣ್ಣದ ಮನೆ ಅಮ್ಮ ಇಬ್ಬರನ್ನೂ ಎದುರುಬದುರು ಕೂರಿಸಿದರು. ಹಿರಿಯರು ಬಿಟ್ಟುಹೋದದ್ದನ್ನು ಬದಲಿಸುವುದು ದ್ರೋಹವೇ ಎಂಬುದು ಪ್ರಶ್ನೆ. ಇಡೀ ಪಂಕ್ತಿ ತಲೆ ತಗ್ಗಿಸಿ ಮುದ್ದೆ ನೋಡತೊಡಗಿತು.

ಕೈಮಗ್ಗ ಹೋದರೆ ಮನೆಯೇ ಹೋದಂತೆ ಎಂದಷ್ಟೇ ಅಪ್ಪ ಹೇಳಿದರು. ಈಗ ಅದನ್ನು ಚಿಕ್ಕಪ್ಪ ಹೇಳಬೇಕು.

"ಅಣ್ಣಂಗೆ ಹಳೇದೇ ಚೆಂದ."

"ಅದಲ್ಲ," ಎಂದರು ಅಪ್ಪ.

"ದುಡ್ಡು ಹಾಕೋಕೆ ಭಯ."

"ಅದೂ ಅಲ್ಲ."

ಮುದ್ದೆ ಆರಿತು. ಬಣ್ಣದ ಮನೆ ಅಮ್ಮ ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದರು. "ಇನ್ನೊಂದ್ಸಲ ನೋಡಪ್ಪಾ, ನಿಧಾನಕ್ಕೆ," ಎಂದರಷ್ಟೇ.

ಚಿಕ್ಕಪ್ಪ ಬಹಳ ಹೊತ್ತು ಅಪ್ಪನ ಕೈಗಳನ್ನು ನೋಡಿದರು. "ಈ ಕೈಗೆ ಬರೋದು ಅದೊಂದೇ ಕೆಲ್ಸ. ಮಗ್ಗ ಹೋದ್ರೆ ಈ ಮನೇಲಿ ನಾನು ಯಾರಿಗೂ ಬೇಡದೋನು ಆಗ್ಬಿಡ್ತೀನಿ ಅಂತ ಅಣ್ಣಂಗೆ ಸಂಕಟ..."

ಅಪ್ಪ "ಹೂಂ" ಎಂದರು. ಅಷ್ಟು ಹಟಮಾರಿಯಾದ ಅಪ್ಪ ಎಲೆಯ ಮುಂದೆ ಕೂತು ಅತ್ತರು. ತುಪ್ಪ ಬಡಿಸಲು ಬಂದರೆ ಚಿಕ್ಕಪ್ಪ ಕೈ ಅಡ್ಡ ಹಿಡಿದು, "ಅಣ್ಣಂಗೆ ಹಾಕಿ," ಎಂದರು. ಅವರ ವಾದದ ಸರದಿ ಆ ದಿನ ಬರಲೇ ಇಲ್ಲ.

ಬಂದಿದ್ದ ಇಟ್ಟಿಗೆಯಲ್ಲಿ ಹಿತ್ತಲಿನಲ್ಲಿ ಕರೆಂಟಿನ ಮಗ್ಗಕ್ಕೆ ಶೆಡ್ ಎದ್ದಿತು. ನಡುಮನೆಯಲ್ಲಿ ಅಪ್ಪನ ಕೈಮಗ್ಗ ಉಳಿಯಿತು. ನಾನು ಬಣ್ಣದ ಮನೆಗೆ ಕುಣಿಯುತ್ತಾ ಹೋಗಿ, ನಮ್ಮ ಮನೆ ಉಳಿಸಿಕೊಟ್ಟಿರಿ ಎಂದೆ. ಬಣ್ಣದ ಹಂಡೆಯಲ್ಲಿ ನೂಲು ತಿರುವುತ್ತಿದ್ದವರು ತಲೆ ಎತ್ತಲಿಲ್ಲ.

"ನಮ್ಮಣ್ಣನ್ನೂ ಹಿಂಗೇ ಒಂದಿನ ಎದುರಿಗೆ ಕೂರಿಸ್ಕೊಂಡು ಕೇಳ್ಬೇಕಿತ್ತು ಕಣಮ್ಮ. ನಂಗೆ ಬುದ್ಧಿ ಬರೋ ಹೊತ್ಗೆ ಹೋಗ್ಬಿಟ್ಟಿದ್ದ."

ಏನು ಜಗಳವಾಗಿತ್ತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ...

ಈಗ ಬಣ್ಣದ ಮನೆ ಅಮ್ಮ ಇಲ್ಲ. ಅಪ್ಪ, ಚಿಕ್ಕಪ್ಪ ಕೊನೆಯವರೆಗೂ ಒಂದೇ ಮನೆಯಲ್ಲಿದ್ದು ಹೋದರು. ಬಣ್ಣದ ಮನೆಯಲ್ಲಿ ಉಂಡ ನಾವೆಲ್ಲ ಒಬ್ಬರ ಮನಸ್ಸನ್ನು ಒಬ್ಬರು ತಿಳಿದುಕೊಂಡೆವು. ಬಡಿಸುತ್ತಿದ್ದವರು ಮಾತ್ರ ಯಾವ ಪ್ರಶ್ನೆಗೂ ತಮ್ಮ ಉತ್ತರ ಹೇಳಲಿಲ್ಲ. ನೀವೂ ಕೂತ್ಕೊಳ್ಳಿ ಎಂದು ನಮ್ಮಲ್ಲಿ ಒಬ್ಬರೂ ಅನ್ನಲಿಲ್ಲ.